ವಿಗಾನ್ ಪಟ್ಟಣವೂ ಮೊಮ್ಮಗಳ ಅಕ್ಷರಾಭ್ಯಾಸವೂ



2025ರ ಆರಂಭದಲ್ಲಿ ಎರಡು ತಿಂಗಳ ಕಾಲ ಮನಿಲಾದಲ್ಲಿ ಮಗನ ಮನೆಯಲ್ಲಿದ್ದು ಮರಳಿದ ಮೇಲೆ ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಒಂದೇ: "ಸಾರ್, ಫಿಲಿಪೈನ್ಸ್‌ನಲ್ಲಿ ನೋಡುವಂಥದ್ದು ಏನಿದೆ?" ನೋಡುವಂಥದ್ದು ಬೇಕಾದಷ್ಟಿದೆ. ಅದನ್ನು ಹೇಳುವ ಪುಸ್ತಕಗಳೂ ಬೇಕಾದಷ್ಟಿವೆ. ನಾನು ಬರೆಯಹೊರಟಿರುವುದು ಅಲ್ಲಿನ ಒಂದು ಹಳೆಯ ಪಟ್ಟಣದಲ್ಲಿ ಒಂದೂವರೆ ದಿನ ಕಳೆದಾಗ ನನ್ನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವನ್ನು. ನಮ್ಮ ಬಂಧುವರ್ಗದಲ್ಲಿ ಕೆಲವರಿಗೆ ಇದು ರುಚಿಸಲಾರದೆಂದು ಬಲ್ಲೆ. ಆದರೂ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವುದಕ್ಕಿಂತ ಬರೆದುಬಿಡುವುದು ಮೇಲು.

ಪರಂಪರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಟ್ಟಡ. ಕೋಟೆ, ದೇಗುಲ, ಅರಮನೆ, ತೊಟ್ಟಿಮನೆ. ಇವನ್ನು ಕಾಪಾಡುವುದು ಸುಲಭವೆಂದು ನಾನು ಹೇಳುವುದಿಲ್ಲ. ಆದರೆ ಹಣ, ಕಾಯಿದೆ, ಒಂದಿಷ್ಟು ಹಠ ಮೂರೂ ಕೂಡಿಬಂದರೆ ಅದು ಆಗುವ ಕೆಲಸ. ವಿಗಾನ್ ಅದಕ್ಕೆ ಸಾಕ್ಷಿ. ಆ ಮನೆಗಳೊಳಗೆ ಆಡಿದ, ಬರೆದ, ಹಾಡಿದ ನುಡಿಯನ್ನು ಕಾಪಾಡುವುದಕ್ಕೆ ಮಾತ್ರ ಯಾವ ವಿಶ್ವಸಂಸ್ಥೆಯೂ ಬರಲಾರದು. ಅದು ಆಗುವುದಾದರೆ ಮನೆಯಲ್ಲಿ ಆಗಬೇಕು, ಮನೆಯ ಬೆಂಬಲವಿದ್ದರೆ ಶಾಲೆಯಲ್ಲಿ ಆಗಬೇಕು. ಇದು ನನ್ನ ವಾದ. ಇನ್ನು ಊರಿನ ವಿಷಯಕ್ಕೆ ಬರುತ್ತೇನೆ.

ವಿಗಾನ್ ಇರುವುದು ಲುಜೋನ್ ದ್ವೀಪದ ವಾಯವ್ಯ ಕರಾವಳಿಯಲ್ಲಿ, ಇಲೊಕೊಸ್ ಸುರ್ ಎಂಬ ಪ್ರಾಂತ್ಯದ ಮುಖ್ಯಪಟ್ಟಣವಾಗಿ. ಮನಿಲಾದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರು. ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು, ನಾನು ಮತ್ತು ನನ್ನಾಕೆ ಶುಕ್ರವಾರ ರಾತ್ರಿ ಬಾಡಿಗೆ ವ್ಯಾನಿನಲ್ಲಿ ಹೊರಟು ಬೆಳಗಿನ ಹೊತ್ತಿಗೆ ಅಲ್ಲಿದ್ದೆವು. (ಊರಿನ ಹೆಸರು ಕೇಳಿದ ನನ್ನಾಕೆ, ಅಲ್ಲಿ ಹಾಲು ಮೊಸರನ್ನೂ ಮುಟ್ಟದ ಶುದ್ಧ ಸಸ್ಯಾಹಾರಿಗಳು ಇರುವರೆಂದು ಭಾವಿಸಿದ್ದಳು. ಆ ಊರು ಪ್ರಸಿದ್ಧವಾಗಿರುವುದು ಕರಿದ ಹಂದಿಮಾಂಸಕ್ಕೂ ಬೆಳ್ಳುಳ್ಳಿ ಹಾಕಿದ ಸಾಸೇಜಿಗೂ ಎಂದು ಸೊಸೆ ವಿವರಿಸಿದಾಗ, ಮನಿಲಾದಿಂದಲೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೊರಟಳು.) ಹೆಸರಿಗೂ ಸಸ್ಯಕ್ಕೂ ನಂಟೇನೋ ಇದೆ. ನದಿಯ ದಂಡೆಯಲ್ಲಿ ಒತ್ತಾಗಿ ಬೆಳೆಯುತ್ತಿದ್ದ 'ಬಿಗಾ' ಎಂಬ ಗಿಡದಿಂದ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ. ಅದು ನಮ್ಮ ಕೆಸುವಿನ ಕುಲದ್ದೇ, ಆನೆಕಿವಿಯಷ್ಟು ದೊಡ್ಡ ಎಲೆಯ ಗಿಡ.

1572ರಲ್ಲಿ ಹುವಾನ್ ದೆ ಸಾಲ್ಸೆದೊ ಎಂಬ ಸ್ಪೇನಿನ ಯುವಕ ಇಲ್ಲಿ ತನ್ನ ಜನರ ವಸತಿಯನ್ನು ಸ್ಥಾಪಿಸಿದ. ಆದರೆ ಊರು ಅವನಿಗಿಂತ ಹಳೆಯದು. ಚೀನೀ ವರ್ತಕರು ಅದಕ್ಕೂ ಮೊದಲೇ ಇಲ್ಲಿಗೆ ಬಂದು ವ್ಯಾಪಾರ ಮಾಡುತ್ತಿದ್ದರು. ಅವರಲ್ಲಿ ಕೆಲವರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನೆಲೆಸಿದರು. ನೀಲಿ, ತಂಬಾಕು, ಕೈಮಗ್ಗದ ಬಟ್ಟೆಗಳ ವ್ಯಾಪಾರದಿಂದ ಅವರ ಸಂತತಿಯವರು ಸಿರಿವಂತರಾಗಿ ಕಟ್ಟಿಸಿದ ಮನೆಗಳೇ ಇಂದು ನಾವು ನೋಡಲು ಹೋಗುವ ಮನೆಗಳು. ಕೆಳಗಿನ ಅಂತಸ್ತು ಇಟ್ಟಿಗೆ ಮತ್ತು ಕಲ್ಲಿನದು. ಅಲ್ಲಿ ಗಾಡಿ ನಿಲ್ಲಿಸುವ ಜಾಗ, ಉಗ್ರಾಣ, ಅಂಗಡಿ. ಮೇಲಿನದು ಮರದ್ದು, ಅಲ್ಲಿ ಸಂಸಾರದ ವಾಸ. ಕಿಟಕಿಗಳಿಗೆ ಗಾಜಿನ ಬದಲು ಕಾಪಿಸ್ ಎಂಬ ಚಿಪ್ಪಿನ ತೆಳುಬಿಲ್ಲೆಗಳನ್ನು ಸಣ್ಣ ಮರದ ಚೌಕಟ್ಟುಗಳಲ್ಲಿ ಕೂಡಿಸಿರುತ್ತಾರೆ. ಬೆಳಕು ಒಳಬರುತ್ತದೆ, ಬಿಸಿಲಿನ ಉರಿ ಬರುವುದಿಲ್ಲ. ಆ ಹಾಲುಬಣ್ಣದ ಬೆಳಕಿನಲ್ಲಿ ನಿಂತಾಗ, ವಾಸದ ಮನೆಯ ವಿಷಯದಲ್ಲಿ ಹಳಬರಿಗೆ ಇದ್ದ ಬುದ್ಧಿ ಕಾಂಕ್ರೀಟು ಬಂದ ಮೇಲೆ ನಮ್ಮಿಂದ ಎಲ್ಲಿಗೆ ಹೋಯಿತೆಂದು ಯೋಚನೆಯಾಯಿತು.

ಇಷ್ಟು ಮನೆಗಳು ಉಳಿದದ್ದೇ ಒಂದು ಅಚ್ಚರಿ. ನದಿ ಹೂಳು ತುಂಬಿ ವ್ಯಾಪಾರ ಬೇರೆಡೆಗೆ ಸರಿದದ್ದರಿಂದ ಹಳತನ್ನು ಕೆಡವಿ ಹೊಸದು ಕಟ್ಟುವಷ್ಟು ಹಣ ಊರಿನಲ್ಲಿ ಓಡಾಡಲಿಲ್ಲ. ಬಡತನವೂ ಒಮ್ಮೊಮ್ಮೆ ಒಳ್ಳೆಯ ಕಾವಲುಗಾರ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮನಿಲಾ ನಗರ ಸುಟ್ಟು ಬೂದಿಯಾಯಿತು, ವಿಗಾನ್ ಉಳಿಯಿತು. ಇಲ್ಲಿಯ ಹೆಣ್ಣನ್ನು ಕೈಹಿಡಿದಿದ್ದ ಜಪಾನೀ ಅಧಿಕಾರಿಯೊಬ್ಬ, ಹಿಂದೆಗೆಯುವಾಗ ಹೆಂಡತಿ ಮಕ್ಕಳಿಗೆ ಕೇಡಾಗದಿರಲೆಂದು ಪಾದ್ರಿಯ ವಶಕ್ಕೆ ಅವರನ್ನು ಒಪ್ಪಿಸಿ, ಊರಿಗೆ ಬೆಂಕಿ ಇಡದೆ ಹೋದನೆಂಬ ಕತೆಯನ್ನು ಊರಿನವರು ಹೇಳುತ್ತಾರೆ. 1999ರಲ್ಲಿ ಯುನೆಸ್ಕೊ ವಿಗಾನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2012ರಲ್ಲಿ ಅಂಥ ತಾಣಗಳ ನಿರ್ವಹಣೆಗೆ ಇದೊಂದು ಮಾದರಿಯೆಂದು ಗೌರವಿಸಿತು. 2022ರ ಜುಲೈ 27ರಂದು ಪಕ್ಕದ ಆಬ್ರಾ ಪ್ರಾಂತ್ಯದಲ್ಲಿ 7.0 ಪ್ರಮಾಣದ ಭೂಕಂಪವಾದಾಗ ಹಲವು ಮನೆಗಳಿಗೆ ಏಟು ಬಿತ್ತು, ಪಕ್ಕದ ಬಂತಾಯ್ ಊರಿನ ಘಂಟಾಗೋಪುರದ ಇಟ್ಟಿಗೆಗಳು ಉದುರಿದವು. ಅಂಥ ಏಟನ್ನು ತಿಂದೂ ಊರು ಎದ್ದು ನಿಂತಿದೆ. ಶ್ಲಾಘನೀಯ ಕೆಲಸ, ಎರಡು ಮಾತಿಲ್ಲ.

ಊರಿನ ಹೆಸರಾಂತ ಬೀದಿ ಕಾಯೆ ಕ್ರಿಸೊಲೊಗೊ. ಕಲ್ಲು ಹಾಸಿದ ಬೀದಿ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, 'ಕಲೆಸಾ' ಎಂಬ ಕುದುರೆಗಾಡಿಗಳ ಸದ್ದು ಮಾತ್ರ. ನಮ್ಮ ಜಟಕಾ ಗಾಡಿಯ ತಮ್ಮನೆನ್ನಬಹುದು. ಬೀದಿಯ ಎರಡೂ ಬದಿ ಅಂಗಡಿಗಳು. ಅಂಗಿ, ಚೀಲ, ಕೀಲಿಗೊಂಚಲು. ನೂರಾರು ಜನ ಬೀದಿಯ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು. ಆ ಬೀದಿಗೆ ಯಾರ ಹೆಸರಿಟ್ಟಿದ್ದಾರೆಂದು ಗಾಡಿಯವನನ್ನು ಕೇಳಿದೆ. ಯಾರೋ ರಾಜಕಾರಣಿಯದಿರಬೇಕು ಎಂದ. ಅರ್ಧ ಸರಿ. ಮೇನಾ ಕ್ರಿಸೊಲೊಗೊ (1844–1927) ಈ ಪ್ರಾಂತ್ಯದ ಗವರ್ನರ್ ಆಗಿದ್ದರು. ಆದರೆ ಅದಕ್ಕಿಂತ ಮುಖ್ಯವಾಗಿ ಅವರು ಇಲ್ಲಿಯ ಜನರ ನುಡಿಯಾದ ಇಲೊಕಾನೊದಲ್ಲಿ ಸಂಗೀತ ನಾಟಕಗಳನ್ನು ಬರೆದ ಲೇಖಕರು. ಇಡೀ ದೇಶದಲ್ಲಿ ಅತಿ ಹೆಚ್ಚು ಫೋಟೊಗಳಿಗೆ ಗುರಿಯಾಗುವ ಬೀದಿಗಳಲ್ಲೊಂದು ಒಬ್ಬ ದೇಶಭಾಷಾ ಸಾಹಿತಿಯ ಹೆಸರಿನಲ್ಲಿದೆ. ಆದರೆ ಅಲ್ಲಿಯ ಅಂಗಡಿಗಳಲ್ಲಿ ನಾನು ಎಷ್ಟು ಹುಡುಕಿದರೂ ಇಲೊಕಾನೊ ಭಾಷೆಯ ಒಂದು ಪುಸ್ತಕ ಸಿಗಲಿಲ್ಲ. ಇಂಗ್ಲಿಷ್ ಘೋಷಣೆಗಳಿರುವ ಅಂಗಿಗಳು ಮಾತ್ರ ಹೇರಳವಾಗಿದ್ದವು.

ಬೀದಿಯ ತುದಿಯಲ್ಲಿ ಒಬ್ಬ ಹೆಣ್ಣುಮಗಳ ಪ್ರತಿಮೆ ಇದೆ. ಲಿಯೊನಾ ಫ್ಲೊರೆಂಟಿನೊ. ಈಕೆಯ ಬಾಳಿನ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿನಿಯರಂತೂ ಓದಲೇಬೇಕು. 1849ರಲ್ಲಿ ಇದೇ ವಿಗಾನ್‌ನ ಸಿರಿವಂತ ಮನೆತನದಲ್ಲಿ ಹುಟ್ಟಿದಳು. ಎಳವೆಯಲ್ಲಿಯೇ ಕವಿತೆ ಕಟ್ಟುತ್ತಿದ್ದ ಹುಡುಗಿ. ಹೆಣ್ಣಾದದ್ದರಿಂದ ವಿಶ್ವವಿದ್ಯಾಲಯದ ಬಾಗಿಲು ತೆರೆಯಲಿಲ್ಲ. ವಿದ್ವಾಂಸರಾದ ಒಬ್ಬ ಪಾದ್ರಿ ಆಕೆಯ ಕಲಿಕೆಗೆ ನೆರವಾದರು. ಹದಿನಾಲ್ಕರ ವಯಸ್ಸಿಗೆ ಮದುವೆ, ಮುಂದೆ ಐವರು ಮಕ್ಕಳು. ಆಕೆಯ ಬರವಣಿಗೆಯೂ ಸ್ವಭಾವವೂ ಗಂಡನ ಮನೆಗೆ ಹಿಡಿಸಲಿಲ್ಲ. ಗಂಡನಿಂದಲೂ ಮಕ್ಕಳಿಂದಲೂ ದೂರವಾಗಿ ಒಂಟಿಯಾಗಿ ಬಾಳಿದಳು, 1884ರಲ್ಲಿ ಮೂವತ್ತೈದರ ವಯಸ್ಸಿನಲ್ಲಿ ತೀರಿಕೊಂಡಳು. ಬದುಕಿರುವಾಗ ಆಕೆಗೆ ಹೆಸರು ಬರಲಿಲ್ಲ.

ಆಕೆಯ ಹಿರಿಯ ಮಗ ಇಸಬೆಲೊ ದೆ ಲೊಸ್ ರೆಯೆಸ್. ಆರನೆಯ ವಯಸ್ಸಿಗೇ ತಾಯಿಯ ಮಡಿಲು ತಪ್ಪಿ ಬಂಧುವಿನ ಮನೆಯಲ್ಲಿ ಬೆಳೆದ ಹುಡುಗ. ಆ ಬಂಧು ಬೇರೆ ಯಾರೂ ಅಲ್ಲ, ಮೇಲೆ ಹೇಳಿದ ಮೇನಾ ಕ್ರಿಸೊಲೊಗೊ. ಇಸಬೆಲೊ ಮುಂದೆ ಪತ್ರಕರ್ತನಾದ, ಜಾನಪದ ಸಂಗ್ರಾಹಕನಾದ, 1902ರಲ್ಲಿ ಆ ದೇಶದ ಮೊದಲ ಕಾರ್ಮಿಕ ಸಂಘವನ್ನು ಕಟ್ಟಿದ. ತಾಯಿ ಸತ್ತ ಮೇಲೆ ಆಕೆಯ ಇಲೊಕಾನೊ ಕವಿತೆಗಳನ್ನು ಕೂಡಿಸಿ 1887ರ ಮ್ಯಾಡ್ರಿಡ್ ವಸ್ತುಪ್ರದರ್ಶನಕ್ಕೆ ಕಳುಹಿಸಿದ. ಅವು 1889ರಲ್ಲಿ ಪ್ಯಾರಿಸ್ಸಿಗೂ ಹೋದವು. ತನ್ನ ಜಾನಪದ ಗ್ರಂಥದಲ್ಲಿ ಅವನ್ನು ಅಚ್ಚು ಮಾಡಿಸಿದ. 'ಲಾಮ್-ಆಂಗ್' ಎಂಬ ಇಲೊಕಾನೊ ಜನಪದ ಮಹಾಕಾವ್ಯವನ್ನು ಮೊದಲು ಅಚ್ಚಿಗೆ ತಂದವನೂ ಇವನೇ. ಹುಟ್ಟಿದ ಕೂಡಲೇ ಮಾತಾಡಿ ತನ್ನ ಹೆಸರನ್ನು ತಾನೇ ಇಟ್ಟುಕೊಂಡ ವೀರನ ಕತೆಯದು. ಈ ಮಗ ಇಲ್ಲದಿದ್ದರೆ ಆ ತಾಯಿಯ ಒಂದು ಸಾಲೂ ನಮಗೆ ಉಳಿಯುತ್ತಿರಲಿಲ್ಲ. ತಾಯಿಯೊಡನೆ ಬಾಳಲು ಸಿಗದ ಮಗ ತಾಯಿಯ ಭಾಷೆಯನ್ನು ಓದಬಲ್ಲವನಾಗಿದ್ದ, ಆದ್ದರಿಂದ ಆಕೆಯ ಬೆಲೆ ಅವನಿಗೆ ತಿಳಿಯಿತು. ಪ್ರತಿಮೆಯ ಮುಂದೆ ನಾನು ಹೀಗೆ ಯೋಚಿಸುತ್ತ ನಿಂತಿದ್ದಾಗ ಮೊಮ್ಮಗಳು "ತಾತಾ, ಎಂಪನಾಡಾ!" ಎಂದು ಕೈಹಿಡಿದು ಎಳೆದಳು.

ಎಂಪನಾಡಾ ಎಂದರೆ ಅಕ್ಕಿಹಿಟ್ಟಿನ ಕಿತ್ತಳೆಬಣ್ಣದ ಕರಿಗಡುಬು. ಒಳಗೆ ತುರಿದ ಪರಂಗಿಕಾಯಿ, ಮೊಟ್ಟೆ, ಸಾಸೇಜು. ಮೊಟ್ಟೆಯೂ ಮಾಂಸವೂ ಇಲ್ಲದೆ ಬರಿಯ ತರಕಾರಿ ತುಂಬಿ ಕೊಡಬಹುದೇ ಎಂದು ಮೊಮ್ಮಗಳು ಟಗಾಲೊಗಿನಲ್ಲಿ ಕೇಳಿದಾಗ ಮಾರುವ ಹೆಂಗಸು ನಮ್ಮನ್ನು ಅನುಕಂಪದಿಂದ ನೋಡಿ ಮಾಡಿಕೊಟ್ಟಳು. ಎಣ್ಣೆ ಅದೇ ಬಾಣಲೆಯದೆಂದು ನನ್ನಾಕೆ ಮುಟ್ಟಲಿಲ್ಲ. ಆಕೆಗೆ ಒಗ್ಗಿದ್ದು 'ತುಪಿಗ್'. ಅಕ್ಕಿಹಿಟ್ಟು, ತೆಂಗಿನಕಾಯಿ, ಬೆಲ್ಲದ ಪಾಕ ಕಲಸಿ ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಡುವ ತಿಂಡಿ. ಒಂದು ಡಜನ್ ಕೊಂಡಳು.

ಶನಿವಾರದ ಉರಿಬಿಸಿಲಿನಲ್ಲಿ ಹೊರಗೆ ಹೋಗಲಾಗದೆ, ನಾವಿಳಿದುಕೊಂಡಿದ್ದ ಹಳೆಯ ಮನೆಯ ಮಹಡಿಯಲ್ಲಿ ಕುಳಿತಿದ್ದಾಗ ನಡೆದ ಸಂಗತಿಯನ್ನು ಹೇಳುತ್ತೇನೆ. ಮೊಮ್ಮಗಳು ನೂರು ಪೆಸೊಗಳ ಹಳೆಯ ಕಾಗದದ ನೋಟೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, "ತಾತಾ, ಇದರಲ್ಲಿ ಬಚ್ಚಿಟ್ಟ ಅಕ್ಷರ ಇದೆ" ಎಂದಳು. ಬೆಳಕಿಗೆ ಹಿಡಿದಾಗ ಮಾತ್ರ ಪೂರ್ಣವಾಗಿ ಕೂಡಿಕೊಳ್ಳುವ ನಾಲ್ಕು ಗುರುತುಗಳು. ಅದು ಬಾಯ್ಬಾಯಿನ್ ಎಂಬ ಲಿಪಿ, ಸ್ಪೇನಿನವರು ಬರುವ ಮೊದಲು ಆ ನಾಡಿನವರು ಬರೆಯುತ್ತಿದ್ದ ಅಕ್ಷರ. ಬ್ರಾಹ್ಮಿಯಿಂದ ಕವಲೊಡೆದು ಬಂದ ದೊಡ್ಡ ಲಿಪಿಸಂಸಾರಕ್ಕೆ ಸೇರಿದ್ದು, ಎಂದರೆ ನಮ್ಮ ಕನ್ನಡ ಲಿಪಿಯ ದೂರದ ದಾಯಾದಿ. ಪ್ರತಿ ವ್ಯಂಜನದಲ್ಲಿಯೂ ನಮ್ಮಲ್ಲಿರುವಂತೆ ಅಕಾರ ಅಡಗಿರುತ್ತದೆ. ಮೇಲೊಂದು ಚುಕ್ಕೆಯಿಟ್ಟರೆ ಇಕಾರ ಅಥವಾ ಎಕಾರ. ಕೆಳಗಿಟ್ಟರೆ ಉಕಾರ ಅಥವಾ ಒಕಾರ. ನೋಟಿನ ಮೇಲಿದ್ದುದು ಪ, ಲ, ಪ, ನ. ಮೊದಲ ಮೂರಕ್ಕೆ ಮೇಲೆ ಚುಕ್ಕೆ, ಕೊನೆಯದಕ್ಕೆ ಕೆಳಗೆ. ಪಿ-ಲಿ-ಪಿ-ನೊ.

ಮೂವತ್ತು ವರ್ಷ ಕಾಗುಣಿತ ಬರೆಸಿದವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಕಾಗದ ತೆಗೆದುಕೊಂಡು ಆ ನಾಲ್ಕರ ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ. ಪ, ಪಿ, ಪು. ಲ, ಲಿ, ಲು. ಒಂದು ವ್ಯತ್ಯಾಸವನ್ನೂ ಹೇಳಿದೆ. ಆ ಲಿಪಿಯಲ್ಲಿ ಸ್ವರವಿಲ್ಲದ ವ್ಯಂಜನವನ್ನು ಬರೆಯುವ ಉಪಾಯ ಇರಲಿಲ್ಲ, 'ಪ್' ಎಂದು ಬರೆಯಲು ನಾವು ಕೊಡುವ ಗುರುತು ಅವರಿಗಿರಲಿಲ್ಲ, ಓದುವವನೇ ಊಹಿಸಿಕೊಳ್ಳಬೇಕು. 1621ರಲ್ಲಿ ಅಚ್ಚಾದ ಇಲೊಕಾನೊ ಕ್ರೈಸ್ತಬೋಧೆಯ ಪುಸ್ತಕಕ್ಕಾಗಿ ಫ್ರಾನ್ಸಿಸ್ಕೊ ಲೋಪೆಸ್ ಎಂಬ ಪಾದ್ರಿ ಅಕ್ಷರದ ಕೆಳಗೆ ಶಿಲುಬೆಯಾಕಾರದ ಗುರುತೊಂದನ್ನು ಸೇರಿಸಿ ಆ ಕೊರತೆಯನ್ನು ನೀಗಲು ನೋಡಿದ. ಈ ಸುಧಾರಣೆಯನ್ನು ಅಲ್ಲಿಯ ಜನ ಹೊಗಳಿದರಂತೆ, ಆದರೆ ತಮ್ಮ ಬರಹದ ಸಹಜಗುಣಕ್ಕೆ ಹೊಂದದೆಂದು ವಿನಯದಿಂದಲೇ ನಿರಾಕರಿಸಿದರಂತೆ. ಪರಕೀಯ ಪಂಡಿತನಿಗೆ ಹಾಗೆ ಉತ್ತರ ಕೊಟ್ಟವರ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತು. ಮುಂದೆ ರೋಮನ್ ಅಕ್ಷರ ಬಂತು, ಹಳೆಯದು ಬಹುಪಾಲು ಮರೆಯಾಯಿತು. ಇಂದು ಅದು ನೋಟಿನ ಮೇಲೆ, ಅಂಗಿಯ ಮೇಲೆ, ಯುವಕರ ತೋಳಿನ ಹಚ್ಚೆಯಲ್ಲಿ ಇದೆ. ಪತ್ರ ಬರೆಯುವುದಕ್ಕೆ ಯಾರಿಗೂ ಬೇಡ.

ಮೊಮ್ಮಗಳು ಸಂಜೆಯೊಳಗೆ ಎರಡೂ ಲಿಪಿಗಳಲ್ಲಿ ತನ್ನ ಹೆಸರನ್ನು ಬರೆದಳು. ಕನ್ನಡದಲ್ಲಿ ಅದು ಆಕೆಗೆ ಮೊದಲ ಸಲ. ಹನ್ನೊಂದು ವರ್ಷದ ಹುಡುಗಿ ಇಂಗ್ಲಿಷ್ ಓದುತ್ತಾಳೆ, ಟಗಾಲೊಗ್ ಓದುತ್ತಾಳೆ, ಕನ್ನಡ ಮಾತಾಡುತ್ತಾಳೆ, ಅಕ್ಷರ ಮಾತ್ರ ಬಾರದು. 'ಗುರೊ' ಎಂದರೆ ಉಪಾಧ್ಯಾಯ, 'ಮುಖಾ' ಎಂದರೆ ಮುಖ, 'ಬನ್ಸಾ' ಎಂದರೆ ದೇಶ (ನಮ್ಮ 'ವಂಶ' ಶಬ್ದವೇ ಅದು) ಎಂದು ಟಗಾಲೊಗಿನಲ್ಲಿ ಕಲಿತವಳಿಗೆ, ಅವುಗಳ ಸೋದರ ಶಬ್ದಗಳು ತಾತನ ಮನೆಯಲ್ಲಿ ಇವೆಯೆಂದು ತಿಳಿದಾಗ ಆದ ಹಿಗ್ಗನ್ನು ನೀವು ನೋಡಬೇಕಿತ್ತು.

ಮಗ ಇದನ್ನೆಲ್ಲ ನೋಡುತ್ತ ಕುಳಿತಿದ್ದ. "ಅಪ್ಪಾ, ಇವಳಿಗೆ ಈಗಾಗಲೇ ಮೂರು ಭಾಷೆ. ಕನ್ನಡ ಓದಿ ಏನು ಮಾಡುತ್ತಾಳೆ? ನಾವು ಇನ್ನೆರಡು ವರ್ಷದಲ್ಲಿ ಯಾವ ದೇಶದಲ್ಲಿರುತ್ತೇವೋ ನಮಗೇ ಗೊತ್ತಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಕಟುತ್ವವಿರಲಿಲ್ಲ, ದಣಿವಿತ್ತು. ಊರೂರು ಅಲೆಯುವ ನೌಕರಿಯವರ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದೇನೂ ಅಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರವಾಗಿ ಅದೇ ದೇಶದ ಇತಿಹಾಸ ಕಣ್ಣೆದುರಿಗಿತ್ತು.

ನೋಡಿ, ಸ್ಪೇನಿನವರು 1565ರಿಂದ 1898ರವರೆಗೆ ಮುನ್ನೂರು ವರ್ಷಕ್ಕೂ ಮೀರಿ ಆಳಿದರು. ಆದರೂ ಸ್ಪ್ಯಾನಿಷ್ ಜನಸಾಮಾನ್ಯರ ಬಾಯಿಗೆ ಬರಲಿಲ್ಲ. ಪಾದ್ರಿಗಳೇ ಜನರ ಭಾಷೆ ಕಲಿತರು, ಜನರಿಗೆ ತಮ್ಮದನ್ನು ಅಷ್ಟಾಗಿ ಕಲಿಸಲಿಲ್ಲ. ಕಲಿತವರು ಮೇಲುವರ್ಗದ ಕೆಲವರು. ಅವರಲ್ಲೊಬ್ಬ ಹೊಸೆ ರಿಸಾಲ್. ಅವನ ಎರಡು ಕಾದಂಬರಿಗಳು, 1887ರ 'ನೋಲಿ ಮೆ ತಾಂಗೆರೆ' ಮತ್ತು 1891ರ 'ಎಲ್ ಫಿಲಿಬುಸ್ತೆರಿಸ್ಮೊ', ಆ ದೇಶದ ಸ್ವಾತಂತ್ರ್ಯದ ಕಿಡಿಗಳು. ಎರಡನೆಯದನ್ನು ಅವನು ಅರ್ಪಿಸಿದ್ದು 1872ರಲ್ಲಿ ಮರಣದಂಡನೆಗೆ ಗುರಿಯಾದ ಮೂವರು ಪಾದ್ರಿಗಳಿಗೆ. ಅವರಲ್ಲಿ ಹೊಸೆ ಬುರ್ಗೊಸ್ ಇದೇ ವಿಗಾನ್‌ನವರು. ಅವರ ಮನೆ ವಸ್ತುಸಂಗ್ರಹಾಲಯವಾಗಿದೆ. 1956ರ ಕಾಯಿದೆಯಂತೆ ರಿಸಾಲನ ಕೃತಿಗಳನ್ನು ಅಲ್ಲಿಯ ಪ್ರತಿ ವಿದ್ಯಾರ್ಥಿಯೂ ಓದಬೇಕು. ಓದುತ್ತಾರೆ, ಅನುವಾದದಲ್ಲಿ. ರಾಷ್ಟ್ರಪಿತನೆನ್ನಬಹುದಾದ ಲೇಖಕನ ಮೂಲವಾಕ್ಯಗಳು ರಾಷ್ಟ್ರದ ಬಹುಮಂದಿಗೆ ತಿಳಿಯದ ಭಾಷೆಯಲ್ಲಿವೆ.

ಸ್ಪೇನಿಗೆ ಮುನ್ನೂರು ವರ್ಷಗಳಲ್ಲಿ ಆಗದ್ದನ್ನು ಅಮೆರಿಕನರು ನಲವತ್ತು ವರ್ಷಗಳಲ್ಲಿ ಮಾಡಿದರು. ಹೇಗೆ? ಉಪಾಧ್ಯಾಯರಿಂದ. 1901ರ ಆಗಸ್ಟ್‌ನಲ್ಲಿ 'ಥಾಮಸ್' ಎಂಬ ಹಡಗಿನಲ್ಲಿ ಐನೂರಕ್ಕೂ ಹೆಚ್ಚು ಅಮೆರಿಕನ್ ಉಪಾಧ್ಯಾಯರು ಮನಿಲಾದಲ್ಲಿ ಇಳಿದರು. ಹಡಗಿನ ಹೆಸರಿನಿಂದಲೇ ಅವರನ್ನು ಥಾಮಸೈಟರು ಎನ್ನುತ್ತಾರೆ. ಊರೂರಿಗೆ ಹೋಗಿ ಇಂಗ್ಲಿಷ್ ಮಾಧ್ಯಮದಲ್ಲಿ ಪಾಠ ಹೇಳಿದರು. ಅವರು ದುಷ್ಟರೆಂದು ನಾನೆನ್ನಲಾರೆ, ಎಷ್ಟೋ ಮಂದಿ ನಿಷ್ಠಾವಂತರೇ. ಉಪಾಧ್ಯಾಯ ವೃತ್ತಿಯ ಶಕ್ತಿ ಎಂಥದೆಂದು ಅದರಿಂದ ತಿಳಿಯುತ್ತದೆ. ಆ ಶಕ್ತಿ ಯಾವ ಕಡೆಗೆ ಎಳೆಯುತ್ತಿದೆ ಎಂದು ಕೇಳಿಕೊಳ್ಳುವ ಹೊಣೆಯೂ ನಮ್ಮದು.

ಆ ನಾಡಿನಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. 2013ರ ಕಾಯಿದೆಯೊಂದರಲ್ಲಿ, ಶಿಶುವಿಹಾರದಿಂದ ಮೂರನೆಯ ತರಗತಿಯವರೆಗೆ ಮಗುವಿನ ಮನೆಮಾತಿನಲ್ಲೇ ಪಾಠ ನಡೆಯಬೇಕೆಂದು ವಿಧಿಸಿದ್ದರು. ಇಲೊಕಾನೊ ಸೇರಿದಂತೆ ಹತ್ತೊಂಬತ್ತು ಭಾಷೆಗಳಲ್ಲಿ ಕೆಲಸ ನಡೆಯಿತು. ಪಠ್ಯಪುಸ್ತಕಗಳ ಕೊರತೆ, ತರಬೇತಿಯ ಕೊರತೆ, ಒಂದೇ ತರಗತಿಯಲ್ಲಿ ನಾಲ್ಕು ಮನೆಮಾತಿನ ಮಕ್ಕಳು, ಹೀಗೆ ತೊಡಕುಗಳು ಬಂದವು. 2024ರ ಅಕ್ಟೋಬರಿನಲ್ಲಿ ಇನ್ನೊಂದು ಕಾಯಿದೆ ಅಧ್ಯಕ್ಷರ ಸಹಿಯಿಲ್ಲದೆಯೇ, ಅವಧಿ ಮುಗಿದ ಕಾರಣದಿಂದ ಜಾರಿಗೆ ಬಂತು. ಮನೆಮಾತಿನ ಮಾಧ್ಯಮದ ಕಡ್ಡಾಯ ಹೋಯಿತು, ಫಿಲಿಪಿನೊ ಮತ್ತು ಇಂಗ್ಲಿಷ್ ಮರಳಿದವು. ತರಗತಿಯ ಮಕ್ಕಳೆಲ್ಲರ ಮನೆಮಾತು ಒಂದೇ ಆಗಿರುವ ಕಡೆ ಬೇಕಾದರೆ ಇಟ್ಟುಕೊಳ್ಳಬಹುದು, ಅಷ್ಟೆ. ಹನ್ನೊಂದು ವರ್ಷ! ಒಂದು ಮಾವಿನ ಗಿಡ ನೆಟ್ಟು ಫಸಲು ನೋಡುವಷ್ಟರಲ್ಲಿ ಕಡಿದುಹಾಕಿದಂತಾಯಿತು ಎಂದು ನನ್ನ ಅಭಿಪ್ರಾಯ. ಪುಸ್ತಕವಿಲ್ಲದಿದ್ದರೆ ಪುಸ್ತಕ ಬರೆಸಬೇಕು, ಉಪಾಧ್ಯಾಯರಿಗೆ ಬಾರದಿದ್ದರೆ ಕಲಿಸಬೇಕು. 1934ರಲ್ಲಿ ಆರಂಭವಾದ 'ಬನ್ನವಾಗ್' ಎಂಬ ಇಲೊಕಾನೊ ಪತ್ರಿಕೆ ಧಾರಾವಾಹಿಗಳಿಂದಲೇ ಮನೆಮನೆಯಲ್ಲಿ ಓದುಗರನ್ನು ಸೃಷ್ಟಿಸಿತ್ತು, ನಮ್ಮ ವಾರಪತ್ರಿಕೆಗಳು ಮಾಡಿದಂತೆ. ಓದುವ ಜನ ಇದ್ದ ಭಾಷೆಗೆ ಪಠ್ಯಪುಸ್ತಕ ಬರೆಯುವವರು ಸಿಗುವುದಿಲ್ಲವೆಂದರೆ ನಾನು ನಂಬಲಾರೆ.

ನಮ್ಮಲ್ಲಿಯೂ ಇದೇ ಕತೆ ಬೇರೆ ರೂಪದಲ್ಲಿ ನಡೆದಿದೆ. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೆಂದು ಆದೇಶ ಹೊರಡಿಸಿತು. ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ಸುತ್ತಾಡಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸರ್ಕಾರ ಹೀಗೆ ಹೇರುವಂತಿಲ್ಲ, ಆಯ್ಕೆ ಪೋಷಕರದೆಂದು ತೀರ್ಪಿತ್ತಿತು. ತೀರ್ಪು ಬಂದಾಗ ನನಗೂ ಬೇಸರವಾಗಿತ್ತು. ಈಗ ಯೋಚಿಸಿದರೆ, ಆ ತೀರ್ಪು ಹೊಣೆಯನ್ನು ಎಲ್ಲಿಡಬೇಕೋ ಅಲ್ಲಿಯೇ ಇಟ್ಟಿದೆ ಅನ್ನಿಸುತ್ತದೆ. ಪೋಷಕರ ತಲೆಯ ಮೇಲೆ. ಆಯ್ಕೆ ನಿಮ್ಮದು ಎಂದ ಮೇಲೆ ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ.

ಪಾವಗಡದ ಹಳೆಯ ವಿದ್ಯಾರ್ಥಿಗಳು ಈಗ ನನ್ನನ್ನು ಹಿಡಿದು ನಿಲ್ಲಿಸುವರೆಂದು ಗೊತ್ತು. "ಮೇಷ್ಟ್ರೇ, ನಮ್ಮ ಮನೆಮಾತು ತೆಲುಗು. ನೀವು ನಮಗೆ ಕಲಿಸಿದ್ದು ಕನ್ನಡ. ಇಲೊಕಾನೊ ಮಗುವಿಗೆ ಟಗಾಲೊಗ್ ಹೇಗೋ ನಮಗೆ ಕನ್ನಡ ಹಾಗೇ ಅಲ್ಲವೇ?" ಸರಿಯಾದ ಪ್ರಶ್ನೆ. ಹನ್ನೆರಡು ವರ್ಷ ಆ ಗಡಿಸೀಮೆಯಲ್ಲಿ ಪಾಠ ಹೇಳಿದ ನನಗೆ ಅದರ ತೂಕ ಗೊತ್ತು. ಅಲ್ಲಿ ಮಕ್ಕಳು ಅಂಗಳದಲ್ಲಿ ತೆಲುಗಿನಲ್ಲಿ ಜಗಳವಾಡಿ ಒಳಗೆ ಬಂದು ಕನ್ನಡದಲ್ಲಿ ದೂರು ಹೇಳುತ್ತಿದ್ದರು. ನಾನು ಅವರನ್ನು ತೆಲುಗಿನಲ್ಲೇ ಸಮಾಧಾನಪಡಿಸಿ ಕನ್ನಡದಲ್ಲಿ ಪಾಠ ಮಾಡುತ್ತಿದ್ದೆ. ಎರಡೂ ಉಳಿದವು. ಏಕೆಂದರೆ ಆ ಮನೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ತೆಲುಗಿನ ಹಾಡು, ಗಾದೆ, ಒಗಟು ಹೇಳುವುದನ್ನು ಬಿಡಲಿಲ್ಲ. ಶಾಲೆಯ ಭಾಷೆ ಬಂದದ್ದರಿಂದ ಮನೆಯ ಭಾಷೆ ನಾಚಿಕೆಯ ವಿಷಯವೆಂದು ಯಾರೂ ಅವರಿಗೆ ಹೇಳಿಕೊಡಲಿಲ್ಲ. ಇಂದು ಬೆಂಗಳೂರಿನ ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡಿಗ ಅಜ್ಜಿ ಕನ್ನಡಿಗ ಮೊಮ್ಮಗುವಿನೊಡನೆ ತನಗೆ ಬಾರದ ಇಂಗ್ಲಿಷಿನಲ್ಲಿ ತಡವರಿಸುವುದನ್ನು ನೋಡುತ್ತೇನೆ. ನನ್ನ ಸಿಟ್ಟು ಇರುವುದು ಅಲ್ಲಿ. ಇಂಗ್ಲಿಷ್ ಶಾಲೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಫಿಲಿಪೈನ್ಸ್‌ನ ದಾದಿಯರು ಜಗತ್ತಿನ ಆಸ್ಪತ್ರೆಗಳಲ್ಲಿ ದುಡಿದು ಮನೆ ನಡೆಸುತ್ತಿರುವುದು ಇಂಗ್ಲಿಷಿನ ಬಲದಿಂದ. ಅದನ್ನು ಹೀಗಳೆಯುವ ಹಕ್ಕು ಹೊಟ್ಟೆ ತುಂಬಿದ ನಿವೃತ್ತ ಮೇಷ್ಟ್ರಿಗಿಲ್ಲ.

ಭಾನುವಾರ ಬೆಳಿಗ್ಗೆ ಕುಂಬಾರಕೇರಿಗೆ ಹೋದೆವು. 'ಬುರ್ನಾಯ್' ಎಂಬ ಕಪ್ಪುಗಂದು ಬಣ್ಣದ ಗಟ್ಟಿ ಹಂಡೆಗಳನ್ನು ಮಾಡುವ ಜಾಗ. ಕಬ್ಬಿನ ಮದ್ಯ, ವಿನಿಗರ್ ಹುದುಗಿಸಲು ಅವು ಬೇಕು. ತಿಗರಿಯ ಮುಂದಿದ್ದ ಮುದುಕ ಮೊಮ್ಮಗಳನ್ನು ಕೂರಿಸಿ ಮಣ್ಣು ಕೊಟ್ಟ. ಅವನು ಇಲೊಕಾನೊದಲ್ಲಿ ಹೇಳುತ್ತಿದ್ದ, ಅವನ ಮಗ ಅದನ್ನು ಟಗಾಲೊಗಿಗೆ ತಿರುಗಿಸುತ್ತಿದ್ದ, ಮೊಮ್ಮಗಳು ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಹೇಳುತ್ತಿದ್ದಳು, ಅಜ್ಜಿ ಅಲ್ಲಿಂದ ಅಪ್ಪಣೆ ಕೊಡುತ್ತಿದ್ದಳು: "ಅವರಿಗೆ ಹೇಳು, ನಮ್ಮೂರ ಕುಂಬಾರರೂ ಹೀಗೇ ಹೆಬ್ಬೆರಳು ಒತ್ತೋದು ಅಂತ." ಮಡಕೆ ಸೊಟ್ಟಗಾಯಿತು. ಮೂರು ಭಾಷೆಗಳು ಒಂದು ಹನ್ನೊಂದು ವರ್ಷದ ತಲೆಯಲ್ಲಿ ಯಾವ ಇಕ್ಕಟ್ಟೂ ಇಲ್ಲದೆ ಇದ್ದುದನ್ನು ಮಗನೂ ಕಂಡ. ನಾನೇನೂ ಹೇಳಹೋಗಲಿಲ್ಲ.

ಮನಿಲಾಕ್ಕೆ ಹಿಂತಿರುಗುವ ದಾರಿಯಲ್ಲಿ ಅವನೇ ಕೇಳಿದ, ವಾರಕ್ಕೆ ಎಷ್ಟು ಹೊತ್ತು ಬೇಕಾದೀತು ಎಂದು. ಅರ್ಧ ಗಂಟೆಯಂತೆ ಎರಡು ದಿನ ಎಂದೆ. ಒಂದೇ ದಿನ, ಭಾನುವಾರ ಎಂದು ಚೌಕಾಸಿ ಮಾಡಿದ. ಒಪ್ಪಿದೆ. ಊರಿಗೆ ಬಂದ ಮೇಲೆ ಕಂಪ್ಯೂಟರಿನ ಪರದೆಯಲ್ಲಿ ಪಾಠ ನಡೆಯುತ್ತಿದೆ. ಕೆಲವು ಭಾನುವಾರ ಈಜಿನ ತರಗತಿ, ಕೆಲವು ಭಾನುವಾರ ಗೆಳತಿಯ ಹುಟ್ಟುಹಬ್ಬ. ಮಗ ಹೇಳಿದ್ದ ಸಮಯದ ಅಭಾವ ಸುಳ್ಳಲ್ಲ. ಒತ್ತಕ್ಷರದವರೆಗೆ ಬಂದಿದ್ದೇವೆ. 'ಳ'ವನ್ನು ಇನ್ನೂ 'ಲ' ಎಂದೇ ಬರೆಯುತ್ತಾಳೆ. ಬಂಧುಗಳಲ್ಲಿ ಯಾರಿಗಾದರೂ ತಮ್ಮ ಮಕ್ಕಳನ್ನು ಜತೆಗೆ ಕೂ೿ಸುವ ಮನಸ್ಸಿದ್ದರೆ ತಿಳಿಸಿ. ಸಂಜೆ ಐದೂವರೆಗೆ, ನಮ್ಮ ಗಡಿಯಾರದಂತೆ. ಅಲ್ಲಿ ಆಗ ರಾತ್ರಿ ಎಂಟು ಗಂಟೆ, ಊಟ ಮುಗಿಸಿಯೇ ಕೂರುತ್ತಾಳೆ.